ಓದುಗರ ಪ್ರಶ್ನೆ: ಟ್ರಯಲ್ ಎಂದರೆ ಅರ್ಧ ಜನರಿಗೆ ಖಾಲಿ ಗ್ಲೂಕೋಸೇ?

ಪ್ರಶ್ನೆ: ಮಗನಿಗೆ ರಕ್ತದ ಕ್ಯಾನ್ಸರ್ ಮರುಕಳಿಸಿದೆ. ಕಾರ್-ಟಿ ಎಂಬ ಕೋಶ ಚಿಕಿತ್ಸೆಯ ಟ್ರಯಲ್‌ಗೆ (ವೈದ್ಯಕೀಯ ಪ್ರಯೋಗಕ್ಕೆ) ಸೇರಿಸಬಹುದು ಎಂದು ವೈದ್ಯರು ಹೇಳುತ್ತಿದ್ದಾರೆ. ಅದರಲ್ಲಿ ಅರ್ಧ ಜನರಿಗೆ ಮಾತ್ರ ನಿಜವಾದ ಔಷಧಿ, ಉಳಿದವರಿಗೆ ಬರೀ ಗ್ಲೂಕೋಸ್ ಏರಿಸುತ್ತಾರಂತೆ. ನಿಜವೇ?

ಉತ್ತರ: ಇಲ್ಲ. ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಆದರೆ ಈ ಒಂದು ಮಾತನ್ನು ನಂಬಿ ಸಮ್ಮತಿ ಪತ್ರವನ್ನು ಓದದೆಯೇ ಹಿಂತಿರುಗಿಸುವ ತಂದೆತಾಯಂದಿರು ಇರುವವರೆಗೆ ಇದನ್ನು ಮತ್ತೆ ಬರೆಯದೆ ವಿಧಿಯಿಲ್ಲ.

ಈ ನಂಬಿಕೆ ಹೆಚ್ಚಾಗಿ ಲಸಿಕೆಗಳ ಟ್ರಯಲ್‌ಗಳಿಂದ ಬಂದಿರಬೇಕು. ಕೋವ್ಯಾಕ್ಸಿನ್‌ನ ಮೂರನೇ ಹಂತದಲ್ಲಿ ಸುಮಾರು 25,800 ಮಂದಿ ಭಾಗವಹಿಸಿದ್ದರು, ಅವರಲ್ಲಿ ಅರ್ಧದಷ್ಟು ಜನರಿಗೆ ಲಸಿಕೆಯಿಲ್ಲದ ಚುಚ್ಚುಮದ್ದು ಕೊಡಲಾಗಿತ್ತು. ಅಲ್ಲಿ ಅದು ಸರಿಯಾದ ಕ್ರಮ, ಏಕೆಂದರೆ ಅವರು ಆ ರೋಗಕ್ಕೆ ಚಿಕಿತ್ಸೆ ಬೇಕಿದ್ದವರಲ್ಲ. ಕೀಮೋಗೆ ಬಗ್ಗದೆ ಮರಳಿ ಬಂದ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಇರುವ ರೋಗಿಯನ್ನು ಚಿಕಿತ್ಸೆಯಿಲ್ಲದೆ ಕೆಲವೇ ವಾರ ಬಿಟ್ಟರೂ ಪ್ರಾಣಕ್ಕೆ ಅಪಾಯ. ಅಂಥವರಿಗೆ ಖಾಲಿ ಬಾಟಲಿ ಏರಿಸುವ ಯೋಜನೆಯನ್ನು ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ. ಹೋಲಿಕೆ ಬೇಕಾದ ಟ್ರಯಲ್‌ಗಳಲ್ಲಿಯೂ ಇನ್ನೊಂದು ಗುಂಪಿಗೆ ಈಗ ರೂಢಿಯಲ್ಲಿರುವ ಚಿಕಿತ್ಸೆಯನ್ನೇ ಕೊಡುತ್ತಾರೆ.

ಕಾರ್-ಟಿ ಚಿಕಿತ್ಸೆಯ ವಿಧಾನವನ್ನು ನೋಡಿದರೂ ಇದು ಸ್ಪಷ್ಟವಾಗುತ್ತದೆ. ರೋಗಿಯ ರಕ್ತದಿಂದಲೇ ರೋಗದ ವಿರುದ್ಧ ಹೋರಾಡುವ ಟಿ ಕೋಶಗಳನ್ನು ಬೇರ್ಪಡಿಸಿ, ಕ್ಯಾನ್ಸರ್ ಕೋಶದ ಮೇಲಿರುವ ಸಿಡಿ19 ಎಂಬ ಗುರುತನ್ನು ಹಿಡಿಯುವ ಜೀನನ್ನು ಅವುಗಳಿಗೆ ಸೇರಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ, ಅದೇ ರೋಗಿಗೆ ಹಿಂದಿರುಗಿಸುತ್ತಾರೆ. 2017ರಲ್ಲಿ ಅಮೆರಿಕದಲ್ಲಿ ಮೊದಲ ಕಾರ್-ಟಿ ಚಿಕಿತ್ಸೆಗೆ ಒಪ್ಪಿಗೆ ದೊರಕಿಸಿದ ಎಲಿಯಾನಾ ಟ್ರಯಲ್‌ನಲ್ಲಿ ಇದ್ದದ್ದು ಒಂದೇ ಗುಂಪು. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಸಹಯೋಗದಲ್ಲಿ ರೂಪುಗೊಂಡು 2023ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ ಒಪ್ಪಿಗೆ ಪಡೆದ ನೆಕ್ಸ್‌ಕಾರ್19ರ ಟ್ರಯಲ್‌ನಲ್ಲಿಯೂ ಖಾಲಿ ಔಷಧಿಯ ಗುಂಪು ಇರಲಿಲ್ಲ.

ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಎಲಿಯಾನಾದಲ್ಲಿ ಹೆಸರು ನೋಂದಾಯಿಸಿದವರು 92 ಮಂದಿ, ಕೋಶಗಳನ್ನು ಪಡೆದವರು 75 ಮಂದಿ. ಉಳಿದವರಲ್ಲಿ ಕೆಲವರ ಕೋಶಗಳು ಸರಿಯಾಗಿ ತಯಾರಾಗಲಿಲ್ಲ, ಕೆಲವರು ಕಾಯುತ್ತಿರುವಾಗಲೇ ತೀರಿಕೊಂಡರು. ಪಡೆದವರಲ್ಲಿ 81 ಪ್ರತಿಶತ ಮಂದಿಯಲ್ಲಿ ಮೂರು ತಿಂಗಳೊಳಗೆ ರೋಗದ ಗುರುತು ಇಲ್ಲವಾಯಿತು, ಆದರೆ ಹಲವರು ತೀವ್ರ ಜ್ವರ ಮತ್ತು ರಕ್ತದೊತ್ತಡದ ಕುಸಿತದಿಂದ ಐಸಿಯು ಸೇರಬೇಕಾಯಿತು. ಆದ್ದರಿಂದ ಗ್ಲೂಕೋಸ್ ವಿಚಾರ ಬಿಟ್ಟು, ಕೋಶಗಳು ಸಿದ್ಧವಾಗಲು ಎಷ್ಟು ದಿನ ಬೇಕು, ಅಲ್ಲಿಯವರೆಗೆ ರೋಗವನ್ನು ಹೇಗೆ ಹಿಡಿದಿಡುತ್ತೀರಿ, ಅಂಥ ತೀವ್ರ ಪ್ರತಿಕ್ರಿಯೆಯನ್ನು ತಗ್ಗಿಸುವ ಟೋಸಿಲಿಜುಮ್ಯಾಬ್ ಔಷಧಿ ಕೈಯಳತೆಯಲ್ಲಿದೆಯೇ ಎಂದು ಕೇಳಿ. ಟ್ರಯಲ್ ಭಾರತದ ಟ್ರಯಲ್‌ಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿಯಾಗಿದೆಯೇ ಎಂಬುದನ್ನು ನೀವೇ ಅಂತರಜಾಲದಲ್ಲಿ ನೋಡಬಹುದು.

ಇಷ್ಟು ಹೇಳಿದ ಮೇಲೆ ರೋಗಿಯ ಅಣ್ಣತಮ್ಮಂದಿರ ಮಾತನ್ನೂ ಹೇಳಿಬಿಡುತ್ತೇನೆ. ‘ನನ್ನ ರಕ್ತ ತೆಗೆದುಕೊಳ್ಳಿ’ ಎಂದು ಅವರು ಮುಂದೆ ಬರುವುದನ್ನು ಕಂಡಾಗಲೆಲ್ಲ ಮನಸ್ಸು ತುಂಬುತ್ತದೆ. ಆದರೆ ಮೇಲೆ ಹೇಳಿದ ಎರಡೂ ಕಾರ್-ಟಿ ಚಿಕಿತ್ಸೆಗಳಿಗೆ ರೋಗಿಯ ದೇಹದಿಂದ ತೆಗೆದ ಕೋಶಗಳೇ ಬೇಕು. ಒಡಹುಟ್ಟಿದವರ ದಾನಕ್ಕೆ ಎಡೆಯಿರುವುದು ಮೂಳೆಮಜ್ಜೆ ಕಸಿಯಲ್ಲಿ. ಕಾರ್-ಟಿ ಫಲಿಸಿದ ಮೇಲೂ ಕೆಲವರಿಗೆ ವೈದ್ಯರು ಕಸಿಯನ್ನು ಸೂಚಿಸುವುದುಂಟು, ಆದ್ದರಿಂದ ಟ್ರಯಲ್ ಸಿಕ್ಕಿತೆಂದು ಒಡಹುಟ್ಟಿದವರ ಎಚ್‌ಎಲ್‌ಎ ವರದಿಯನ್ನು (ಕಸಿಗೆ ಹೊಂದಾಣಿಕೆ ನೋಡುವ ಪರೀಕ್ಷೆಯದು) ಎಲ್ಲೋ ಇಟ್ಟು ಮರೆಯಬೇಡಿ.