ಬಯಾಪ್ಸಿ ವರದಿಯಲ್ಲಿ ‘ಪಾಸಿಟಿವ್’ ಎಂದಿದ್ದರೆ ಕೆಟ್ಟದ್ದೇ?

ಪ್ರಶ್ನೆ: ನಮ್ಮ ಅಮ್ಮನಿಗೆ 56 ವರ್ಷ, ಮುಟ್ಟು ನಿಂತು ಐದು ವರ್ಷವಾಯಿತು. ಸ್ತನದ ಗಂಟಿನ ಬಯಾಪ್ಸಿ ವರದಿಯಲ್ಲಿ ‘ಇಆರ್ ಪಾಸಿಟಿವ್ 8/8, ಪಿಆರ್ ಪಾಸಿಟಿವ್ 5/8, ಹರ್-2 2+, ಕೆಐ-67 22%’ ಎಂದಿದೆ. ಎರಡೆರಡು ಪಾಸಿಟಿವ್ ನೋಡಿ ಮನೆಯವರೆಲ್ಲ ಹೆದರಿದ್ದಾರೆ. ರೋಗ ಅಷ್ಟು ಜೋರಾಗಿದೆಯೇ?

ಉತ್ತರ: ಇದು ಕೋವಿಡ್ ಟೆಸ್ಟಿನ ಪಾಸಿಟಿವ್ ಅಲ್ಲ. ಕ್ಯಾನ್ಸರ್ ಇದೆ ಅನ್ನುವುದು ಮೊದಲೇ ತಿಳಿದಿದೆ. ಆ ಜೀವಕೋಶಗಳಲ್ಲಿ ಯಾವ ಪ್ರೋಟೀನ್ ಎಷ್ಟಿದೆ ಅನ್ನುವುದಷ್ಟೇ ಈ ಸಾಲಿನ ವಿಷಯ. ಇಆರ್ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನ್, ಪಿಆರ್ ಪ್ರೊಜೆಸ್ಟರಾನ್ ಎಂಬ ಇನ್ನೊಂದನ್ನು. ಇವು ಇದ್ದರೆ ಗಡ್ಡೆಗೆ ಹಾರ್ಮೋನೇ ಮೇವು, ಆ ಮೇವು ತಪ್ಪಿಸಲು ಮಾತ್ರೆಗಳಿವೆ.

8/8 ಬಂದದ್ದು ಹೀಗೆ: ಗಂಟಿನ ಚೂರನ್ನು ಮೇಣದ ಬ್ಲಾಕಿನಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಪದರ ಕೊಯ್ದು, ಆ ಪ್ರೋಟೀನಿಗೇ ಅಂಟುವ ಆಂಟಿಬಾಡಿ ಹಾಕಿ ಬಣ್ಣ ಹಿಡಿಸುತ್ತಾರೆ. ಇಆರ್ ಇರುವ ಕೋಶದ ನ್ಯೂಕ್ಲಿಯಸ್ ಕಂದಾಗುತ್ತದೆ, ಇಲ್ಲದ್ದು ನೀಲಿಯಾಗಿ ಉಳಿಯುತ್ತದೆ. ಎಷ್ಟು ಪಾಲು ಕೋಶ ಕಂದಾದವು ಎಂಬುದಕ್ಕೆ 5 ಅಂಕ, ಬಣ್ಣ ಎಷ್ಟು ಗಾಢ ಎಂಬುದಕ್ಕೆ 3. ಇದೇ ಆಲ್‌ರೆಡ್ ಸ್ಕೋರ್. ಇಲ್ಲಿ ಫುಲ್ ಮಾರ್ಕ್ಸ್ ಬಂದರೆ ಖುಷಿಪಡಬಹುದು. 1% ಕೋಶ ಕಂದಾದರೂ ಪಾಸಿಟಿವ್ ಎಂದೇ ಬರೆಯುತ್ತಾರೆ. ಆದರೆ 1ರಿಂದ 10% ಇದ್ದರೆ ಅದು ‘ಲೋ ಪಾಸಿಟಿವ್’, ಮಾತ್ರೆಯ ಲಾಭ ಅಷ್ಟು ಖಚಿತವಲ್ಲ. ಹಾಗಾಗಿ ಪಾಸಿಟಿವ್ ಎಂಬ ಪದಕ್ಕಿಂತ ಪಕ್ಕದ ಅಂಕಿ ನೋಡಿ.

ಮುಟ್ಟು ನಿಂತವರಿಗೆ ಸಾಮಾನ್ಯವಾಗಿ ಲೆಟ್ರೊಜೋಲ್ ಅಥವಾ ಅನಾಸ್ಟ್ರೊಜೋಲ್, ಉಳಿದವರಿಗೆ ಹೆಚ್ಚಾಗಿ ಟ್ಯಾಮೋಕ್ಸಿಫೆನ್. ದಿನಕ್ಕೊಂದು ಮಾತ್ರೆ, ಕನಿಷ್ಠ 5 ವರ್ಷ. ಎಡವುವುದೂ ಇಲ್ಲೇ. ಕೀಲುನೋವು ಬಂತೆಂದೋ, ಆರಾಮಾಗಿದ್ದೇನೆಂದೋ ಎರಡನೇ ವರ್ಷಕ್ಕೇ ಬಿಟ್ಟುಬಿಡುತ್ತಾರೆ. ಇಆರ್ ಪಾಸಿಟಿವ್ ಕ್ಯಾನ್ಸರ್ ಮೆತ್ತಗಿನದು, ಆದರೆ ನೆನಪು ಉದ್ದ. ಹತ್ತು, ಹದಿನೈದು ವರ್ಷದ ಮೇಲೂ ಮರಳಬಲ್ಲದು. ಇಆರ್, ಪಿಆರ್, ಹರ್-2 ಮೂರೂ ನೆಗೆಟಿವ್ ಆದ ‘ಟ್ರಿಪಲ್ ನೆಗೆಟಿವ್’ ಇದಕ್ಕೆ ತದ್ವಿರುದ್ಧ: ಅಪಾಯವೆಲ್ಲ ಹೆಚ್ಚಾಗಿ ಮೊದಲ ಐದು ವರ್ಷದಲ್ಲಿ, ಆಮೇಲೆ ಬೇಗ ಇಳಿಯುತ್ತದೆ.

ಈ ವರದಿಯಲ್ಲಿ ಅರ್ಧಕ್ಕೆ ನಿಂತಿರುವುದು ಹರ್-2, ಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ಪ್ರೋಟೀನ್. 0 ಮತ್ತು 1+ ಎಂದರೆ ನೆಗೆಟಿವ್, 3+ ಪಾಸಿಟಿವ್, 2+ ಎಂದರೆ ‘ಇನ್ನೂ ಹೇಳಲಾಗದು’. ಅದೇ ಬ್ಲಾಕಿನ ಮೇಲೆ ಫಿಶ್ ಎಂಬ, ಜೀನಿನ ಪ್ರತಿಗಳನ್ನು ಎಣಿಸುವ ಪರೀಕ್ಷೆ ಮಾಡಿಸಬೇಕು. ಹರ್-2 ಜೀನ್ ಇರುವ 17ನೇ ಕ್ರೋಮೋಸೋಮಿನ ಗುರುತಿಗೆ ಹೋಲಿಸಿದರೆ ಆ ಜೀನ್ ಎರಡು ಪಟ್ಟು ಅಥವಾ ಹೆಚ್ಚಿದ್ದು, ಕೋಶಕ್ಕೆ ಸರಾಸರಿ 4 ಪ್ರತಿಗಳಾದರೂ ಇದ್ದರೆ ಪಾಸಿಟಿವ್. ಹಿಂದೆ ಹರ್-2 ಪಾಸಿಟಿವ್ ಅಂದರೆ ಕೆಟ್ಟ ಸುದ್ದಿಯೇ ಆಗಿತ್ತು; 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಹರ್-2 ಅನ್ನೇ ಗುರಿಯಿಡುವ ಔಷಧ ಟ್ರಾಸ್ಟುಜುಮಾಬ್ ಆ ಲೆಕ್ಕವನ್ನೇ ಬದಲಿಸಿತು. ಫಿಶ್ ವರದಿ ಬಾರದೆ ಚಿಕಿತ್ಸೆಯ ಪೂರ್ತಿ ಯೋಜನೆ ಸಿದ್ಧವಾಗದು.

ಕೆಐ-67 ಎಂದರೆ ಕೋಶಗಳು ಎಷ್ಟು ಚುರುಕಾಗಿ ಒಡೆಯುತ್ತಿವೆ ಎಂಬುದು. 5% ಅಥವಾ ಕಡಿಮೆ, 30% ಅಥವಾ ಹೆಚ್ಚು ಇದ್ದರೆ ಆ ಅಂಕಿಯನ್ನು ನೆಚ್ಚಬಹುದು. ನಡುವಿನ ಅಂಕಿ ಲ್ಯಾಬಿನಿಂದ ಲ್ಯಾಬಿಗೆ ಏರುಪೇರಾಗುತ್ತದೆ. 22% ನೋಡಿ ನಿದ್ದೆಗೆಡಬೇಡಿ.

ಅಂಕಿಗಳು ತಪ್ಪುವುದು ಹೆಚ್ಚಾಗಿ ಲ್ಯಾಬಿಗೆ ಬರುವ ಮೊದಲೇ. ತೆಗೆದ ಚೂರು ಒಂದು ಗಂಟೆಯೊಳಗೆ ಅದನ್ನು ಕೆಡದಂತೆ ಕಾಪಾಡುವ 10% ಬಫರ್ಡ್ ಫಾರ್ಮಲಿನ್ ದ್ರವಕ್ಕೆ ಬೀಳಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು. ಸಲೈನಿನಲ್ಲಿ ಹಾಕಿ ರಾತ್ರಿ ಬಸ್ಸಿಗೆ ಕೊಟ್ಟರೆ ಪ್ರೋಟೀನ್ ಕೆಡುತ್ತದೆ, ಇಆರ್ ಇದ್ದರೂ ನೆಗೆಟಿವ್ ಬರುತ್ತದೆ. ಇಡೀ ಸ್ತನವನ್ನು ಕೊಯ್ದು ತೆರೆಯದೆ ಮುಳುಗಿಸಿದರೂ ಅಷ್ಟೇ, ಫಾರ್ಮಲಿನ್ ಒಳಗಿಳಿಯುವುದು ಬಹಳ ನಿಧಾನ. ಸೂಜಿ ಬಯಾಪ್ಸಿಯ ತೆಳುವಾದ ಚೂರಿಗೆ ಈ ತೊಂದರೆ ಕಡಿಮೆ. ಗ್ರೇಡ್ 1 ಗಡ್ಡೆಗೆ, ಅಂದರೆ ಕೋಶಗಳು ಸಹಜ ಕೋಶಗಳನ್ನೇ ಹೆಚ್ಚು ಹೋಲುವ ಗಡ್ಡೆಗೆ, ಇಆರ್ ನೆಗೆಟಿವ್ ಎಂದು ಬಂದರೆ ಸಂಶಯಪಟ್ಟು ಮತ್ತೆ ಮಾಡಿಸಿ; ಪಕ್ಕದ ಸಹಜ ಹಾಲಿನ ನಾಳಗಳಾದರೂ ಕಂದಾಗಿದ್ದವೇ ಎಂದು ಪ್ಯಾಥಾಲಜಿಸ್ಟರನ್ನು ಕೇಳಿ, ಅವೂ ಆಗದಿದ್ದರೆ ಪರೀಕ್ಷೆಯೇ ಕೆಟ್ಟಿರಬಹುದು.

‘ಎಷ್ಟು ಜೋರು’ ಎಂಬ ನಿಮ್ಮ ಪ್ರಶ್ನೆಗೆ ಈ ನಾಲ್ಕು ಅಂಕಿ ಮಾತ್ರ ಸಾಲವು. ಗಂಟಿನ ಅಳತೆ, ಗ್ರೇಡ್, ಕಂಕುಳಿನ ಗ್ರಂಥಿಗಳಲ್ಲಿ ಎಷ್ಟಕ್ಕೆ ಹರಡಿದೆ ಎಂಬುದೂ ಬೇಕು. ರಕ್ತದಲ್ಲಿ ಕ್ಯಾನ್ಸರಿನ ಗುರುತು ನೋಡುವ ಸಿಎ 15-3 ಬೇರೆಯೇ ಪರೀಕ್ಷೆ, ಇದಕ್ಕೆ ಬದಲಿಯಲ್ಲ.

ಈಗ ಆಸ್ಪತ್ರೆಯಿಂದ ಕೇಳಿ ಪಡೆಯಬೇಕಾದದ್ದು ಮೇಣದ ಬ್ಲಾಕ್. ಫಿಶ್‌ಗೂ ಎರಡನೇ ಅಭಿಪ್ರಾಯಕ್ಕೂ ಅದೇ ಬೇಕು. ಬ್ಲಾಕಿನ ಸಂಖ್ಯೆ ವರದಿಯದಕ್ಕೆ ತಾಳೆಯಾಗುತ್ತದೆಯೇ ನೋಡಿಕೊಳ್ಳಿ. ತರುವಾಗ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಅದು ಮೇಣ.