ಮೈ ಮೊದಲು ಬೆಳೆಯಿತು, ಮಿದುಳು ಆಮೇಲೆ

ಪಳೆಯುಳಿಕೆ ಅಧ್ಯಯನ ಮಾಡುವ ನಮ್ಮಂಥವರ ಪಾಲಿಗೆ ಪ್ರಾಚೀನ ಸಸ್ತನಿ ಎಂದರೆ ಬಹುಮಟ್ಟಿಗೆ ಹಲ್ಲು. ಜೇಡಿಗಲ್ಲನ್ನು ನೀರಿನಲ್ಲಿ ನೆನೆಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದ ಚರಟವನ್ನು ಸೂಕ್ಷ್ಮದರ್ಶಕದಡಿ ಕುಂಚದ ತುದಿಯಿಂದ ಸರಿಸುತ್ತ ಹೋದರೆ, ಅದೃಷ್ಟವಿದ್ದ ದಿನ ರಾಗಿ ಕಾಳಿನಷ್ಟು ದವಡೆ ಹಲ್ಲೊಂದು ಮಿನುಗುತ್ತದೆ. ಅದರ ಗಾತ್ರದಿಂದ ಪ್ರಾಣಿಯ ತೂಕವನ್ನು, ಉಬ್ಬುತಗ್ಗುಗಳಿಂದ ಅದರ ಆಹಾರವನ್ನು ಅಂದಾಜಿಸಬಹುದು. ಮಿದುಳಿನ ವಿಷಯ ಮಾತ್ರ ಹಲ್ಲಿಗೆ ತಿಳಿಯದು; ಅದಕ್ಕೆ ತಲೆಬುರುಡೆಯೇ ಬೇಕು.

ಡೈನೋಸಾರ್‌ಗಳು ಅಳಿದ ಬಳಿಕದ ಮೊದಲ ಅಧ್ಯಾಯವಾದ ಪೇಲಿಯೋಸೀನ್, ಅಂದರೆ 6.6 ಕೋಟಿ ವರ್ಷಗಳಿಂದ 5.6 ಕೋಟಿ ವರ್ಷಗಳ ಹಿಂದಿನ ಅವಧಿ, ಬಹುಕಾಲ ಮಸುಕಾಗಿಯೇ ಉಳಿದದ್ದು ಇಂಥ ಬುರುಡೆಗಳ ಕೊರತೆಯಿಂದ. ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಬಳಿಯ ಕೊರಲ್ ಬ್ಲಫ್ಸ್‌ನಲ್ಲಿ ಡೆನ್ವರ್ ವಸ್ತುಸಂಗ್ರಹಾಲಯದ ಟೈಲರ್ ಲೈಸನ್ ಅವರು ಹೊಳೆಯುವ ಮೂಳೆಚೂರುಗಳನ್ನು ಹುಡುಕುವುದನ್ನು ಬಿಟ್ಟು, ಯಾರೂ ತಿರುಗಿ ನೋಡದ ಗುಂಡುಗಲ್ಲುಗಳನ್ನು ಒಡೆಯತೊಡಗಿದಾಗ, ಒಂದರ ಹಿಂದೊಂದು ಬುರುಡೆ ಹೊರಬಂತು. ಮೂಳೆಯ ಸುತ್ತಲೇ ಖನಿಜ ಕಟ್ಟಿಕೊಂಡು ಆ ಗುಂಡುಗಳು ರೂಪುಗೊಂಡಿದ್ದವು.

2019ರಲ್ಲಿ ಪ್ರಕಟವಾದ ಆ ಅಧ್ಯಯನ ಕಂಡುಕೊಂಡ ವೇಗ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಡೈನೋಸಾರ್‌ಗಳನ್ನು ಅಳಿಸಿದ ಕ್ಷುದ್ರಗ್ರಹದ ಹೊಡೆತದ ನಂತರ ಜರೀಗಿಡಗಳು ಹಬ್ಬಿದ ಬಯಲಿನಲ್ಲಿ ಉಳಿದಿದ್ದವು ಇಲಿ ಗಾತ್ರದ ಸಸ್ತನಿಗಳು. 1 ಲಕ್ಷ ವರ್ಷಗಳೊಳಗೆ ಅವು ಬೆಕ್ಕಿಗಿಂತ ತುಸು ದೊಡ್ಡದಾದ ಅಮೆರಿಕದ ಪ್ರಾಣಿ ರಕೂನ್‌ನಷ್ಟು ದಪ್ಪನಾದವು. 3 ಲಕ್ಷ ವರ್ಷಗಳ ಹೊತ್ತಿಗೆ ಸುಮಾರು 25 ಕಿಲೋ ತೂಗುವ ಕಾರ್ಸಿಯಾಪ್ಟಿಕಸ್ ಎಂಬ ಸಸ್ತನಿ ಬಂತು. 7 ಲಕ್ಷ ವರ್ಷಗಳಲ್ಲಿ ತೂಕ 50 ಕಿಲೋ ಸಮೀಪಿಸಿತು. ಅದೇ ಪದರದಲ್ಲಿ ದ್ವಿದಳ ಧಾನ್ಯದ ಕುಲಕ್ಕೆ ಸೇರಿದ ಕಾಯಿಗಳೂ ಸಿಕ್ಕಿವೆ. ಪ್ರೋಟೀನು ತುಂಬಿದ ಕಾಳಿಗೂ ಮೈ ತುಂಬಿದ್ದಕ್ಕೂ ನಂಟಿರಬೇಕೆಂಬ ಊಹೆ ನನಗೂ ಒಪ್ಪಿಗೆಯಾಗುತ್ತದೆ, ಆದರೆ ಅದು ಊಹೆಯೇ.

ಇಷ್ಟು ಬೇಗ ಬೆಳೆದ ಪ್ರಾಣಿಗಳು ಜಾಣವೂ ಆಗಿದ್ದಿರಬೇಕೆಂದು ಬಹುತೇಕರು ಭಾವಿಸಿದ್ದರು. ಎಡಿನ್‌ಬರೋ ವಿಶ್ವವಿದ್ಯಾಲಯದ ಒರ್ನೆಲಾ ಬರ್ಟ್ರಾಂಡ್ ಮತ್ತು ಸಂಗಡಿಗರು ಬುರುಡೆಗಳನ್ನು ಸಿಟಿ ಸ್ಕ್ಯಾನ್‌ಗೆ ಒಡ್ಡಿ, 2022ರಲ್ಲಿ ಆ ನಂಬಿಕೆಯನ್ನು ತಿರುವುಮುರುವು ಮಾಡಿದರು: ಪೇಲಿಯೋಸೀನ್‌ನಲ್ಲಿ ಮೈಗೆ ಹೋಲಿಸಿದರೆ ಮಿದುಳು ಮೊದಲಿಗಿಂತ ಕುಗ್ಗಿತ್ತು. ಮಿದುಳನ್ನು ಸಾಕುವುದು ದುಬಾರಿ. ಖಾಲಿ ಬಿದ್ದ ಕಾಡಿನಲ್ಲಿ ದೊಡ್ಡ ಮೈಯೇ ಲಾಭದಾಯಕವಾಗಿತ್ತು. ಮುಂದಿನ ಇಯೋಸೀನ್ ಯುಗದಲ್ಲಿ ಕಾಡು ತುಂಬಿ ಪೈಪೋಟಿ ಬಿಗಿಯಾದ ಮೇಲೆಯೇ ನೋಟ, ಚಲನೆಗಳನ್ನು ನಿಭಾಯಿಸುವ ಮಿದುಳಿನ ಭಾಗಗಳು ಹಿಗ್ಗಿದವು.