ಹಳಿ ಬಂದರೆ ಸಾಲದು, ರೇಕ್ ತುಂಬಬೇಕು

ಅಕ್ಕಲಕೋಟೆ, ಜತ್ತ ಕಡೆಯ ಸಕ್ಕರೆ ಕಾರ್ಖಾನೆಗಳ ಸಂಚಾಲಕರದು ಎಥನಾಲ್ ಸಾಗಣೆಗೆ ಒಂದೇ ಬೇಡಿಕೆ: "ನಮ್ಮ ಗೇಟಿನ ತನಕ ಹಳಿ ಹಾಕಿಸ್ರಿ, ಟ್ಯಾಂಕರ್ ಬಾಡಿಗಿ ಉಳೀತದ." ಎಷ್ಟು ಸಲ ಹೇಳಿದರೂ ಈ ಆಸೆ ಬಿಡುವುದಿಲ್ಲ.

ದ್ರವ ಇಂಧನ ಒಯ್ಯುವ ಒಂದು ಬಿಟಿಪಿಎನ್ ಟ್ಯಾಂಕ್ ವ್ಯಾಗನ್ನಿಗೆ ಸುಮಾರು 70 ಕಿಲೋಲೀಟರ್ ಹಿಡಿಯುತ್ತದೆ. ಇಂಥ 50 ವ್ಯಾಗನ್ನಿನ ಇಡೀ ಗಾಡಿಗೆ, ಅಂದರೆ ಒಂದು ರೇಕಿಗೆ, 3,500. ದಿನಕ್ಕೆ 100 ಕಿಲೋಲೀಟರ್ ಎಥನಾಲ್ ತೆಗೆಯುವ ಡಿಸ್ಟಿಲರಿ ಒಂದು ರೇಕಿಗಾಗಿ 35 ದಿನ ಕೂಡಿಡಬೇಕು. ಅಷ್ಟು ದಿನ ದುಡ್ಡು ಟ್ಯಾಂಕಿನಲ್ಲೇ ಕೂತರೆ ರೈತರ ಕಬ್ಬಿನ ಬಿಲ್ ಎಲ್ಲಿಂದ ಕೊಡುತ್ತೀರಿ? ಐದು ಕಾರ್ಖಾನೆ ಕೂಡಿದರೆ ಏಳೇ ದಿನ ಸಾಕು. ಹೊಟಗಿ ಅಥವಾ ಮೀರಜ್ ಹತ್ತಿರ ಎಲ್ಲರಿಗೂ ಒಂದೇ ಲೋಡಿಂಗ್ ಜಾಗ ಮಾಡಿ. ಅಲ್ಲಿಗೆ ದಿನಕ್ಕೆ 25 ಕಿಲೋಲೀಟರಿನ 20 ಟ್ಯಾಂಕರ್ ಬಂದರಾಯಿತು. ಮೀರಜಿನಿಂದ ಪುಣೆ, ಕೊಲ್ಲಾಪುರ, ಬೆಳಗಾವಿ, ಪಂಢರಪುರ ನಾಲ್ಕೂ ಕಡೆ ಹಳಿ ಇದೆ, ಒಂದು ಕಡೆ ಕೆಲಸ ನಡೆದರೆ ಇನ್ನೊಂದು ಕಡೆಯಿಂದ ಕಳಿಸಬಹುದು.

ಆ ಲೋಡಿಂಗ್ ಜಾಗದ ಟ್ಯಾಂಕು 3,500 ಕಿಲೋಲೀಟರಿಗೇ ಕಟ್ಟಿಸಬೇಡಿ. ರೇಕ್ ಮೂರು ದಿನ ತಡವಾದರೆ ಇನ್ನೂ 1,500 ಬಂದು ಬೀಳುತ್ತದೆ. 5,000ಕ್ಕೆ ಜಾಗವಿಲ್ಲದಿದ್ದರೆ ನಿಲ್ಲುವುದು ಡಿಸ್ಟಿಲರಿ, ಅದೂ ಹಂಗಾಮಿನ ನಡುವೆ.

ಕಿಲೋಮೀಟರ್ ದರಕ್ಕಿಂತ ರೇಕ್ ಹೋಗಿ ಖಾಲಿಯಾಗಿ ಮರಳುವ ದಿನಗಳನ್ನು ಎಣಿಸಿ. ಎಂಟು ದಿನಕ್ಕೊಂದು ಸುತ್ತಾದರೆ ಅದೇ ರೇಕ್ ದಿನಕ್ಕೆ ಸರಾಸರಿ 437 ಕಿಲೋಲೀಟರ್ ಸಾಗಿಸುತ್ತದೆ, ಐದು ದಿನಕ್ಕಿಳಿದರೆ 700. ಗಂಟೆಗೆ 200 ಕಿಲೋಲೀಟರ್ ಎತ್ತುವ ಪಂಪಿಗೆ ತುಂಬಲು ಹದಿನೇಳೂವರೆ ಗಂಟೆ ಬೇಕು, 600 ಎತ್ತುವುದಕ್ಕೆ ಆರು ಗಂಟೆಯೂ ಬೇಡ. ಇಳಿಸುವ ಡಿಪೊದ ಹಳಿಗೆ ಅರ್ಧ ರೇಕೇ ಹಿಡಿಯುವುದಾದರೆ ಇಲ್ಲಿ ಗಳಿಸಿದ ಹೊತ್ತು ಅಲ್ಲಿ ಹೋಗುತ್ತದೆ. ಆ ಡಿಪೊ ನೋಡದೆ ನಾನಂತೂ ಖಾತ್ರಿ ಅಂಕಿ ಕೊಡಲಾರೆ.

ನೀರಿನ ವಿಷಯದಲ್ಲಿ ಡೀಸೆಲ್ ರೂಢಿ ಮರೆಯಿರಿ. ಡೀಸೆಲ್‌ನಲ್ಲಿ ನೀರು ತಳ ಹಿಡಿಯುತ್ತದೆ, ಆಳ ಅಳೆಯುವ ಡಿಪ್ ಕೋಲಿಗೆ ಸವರಿದ, ನೀರು ಪತ್ತೆ ಮಾಡುವ ಪೇಸ್ಟ್ ಬಣ್ಣ ತಿರುಗಿ ಹೇಳಿಬಿಡುತ್ತದೆ. ಎಥನಾಲ್‌ನಲ್ಲಿ ನೀರು ಬೆರೆತೇ ಹೋಗುತ್ತದೆ, ಪೇಸ್ಟ್ ನಂಬುವಂತಿಲ್ಲ. ಸ್ಯಾಂಪಲ್ ತೆಗೆದು ಸಾಂದ್ರತೆ ಅಳೆಯಲೇಬೇಕು. ಮಳೆಗಾಲದಲ್ಲಿ ವ್ಯಾಗನ್ ಮೇಲಿನ ಮುಚ್ಚಳದ ಗ್ಯಾಸ್ಕೆಟ್ ಕೈಯಿಂದ ಮುಟ್ಟಿ ನೋಡಿ, ಮೆತ್ತಗಾಗಿ ಉಬ್ಬಿದ್ದರೆ ಬದಲಿಸಿ.

ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲಿ ಕಂಠಮಟ್ಟ ತುಂಬಬೇಡಿ. ತಾಪ 20 ಡಿಗ್ರಿ ಏರಿದರೆ 70 ಕಿಲೋಲೀಟರ್ ಎಥನಾಲ್ ಸುಮಾರು ಒಂದೂವರೆ ಕಿಲೋಲೀಟರ್ ಹಿಗ್ಗುತ್ತದೆ, ಸೊಲ್ಲಾಪುರದ ಮಧ್ಯಾಹ್ನಕ್ಕೆ ಆ ಜಾಗ ಬಿಟ್ಟಿರಲೇಬೇಕು.